ಕೊಟ್ಟ ತೀರ್ಪನ್ನು ಕೊಟ್ಟ ಕೋರ್ಟೇ ತಿದ್ದುವುದು ಯಾವಾಗ?

"ಸಾರ್, ಅದೇ ಸಾಹೇಬ್ರಿಗೆ ಇನ್ನೊಂದ್ ಸಾರಿ ತೋರ್ಸಿದ್ರೆ ಆಗಲ್ವಾ?" ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯದಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಕೋರ್ಟುಗಳಲ್ಲಾಗಲಿ, ಸಿವಿಲ್ ದಾವೆ ಸೋತು ಹೊರಬಂದವರು ವಕೀಲರನ್ನು ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನಿಲ್ಲ. ತಹಸೀಲ್ದಾರರು ತಪ್ಪು ಬರೆದರೆ ಮತ್ತೆ ಅವರ ಬಳಿಗೇ ಹೋಗಿ ರೂಢಿಯಾದವರಿಗೆ, ನ್ಯಾಯಾಧೀಶರ ಬಳಿಗೆ ಯಾಕೆ ಹೋಗಬಾರದು ಎನ್ನಿಸುವುದು ಸಹಜ. ನಮ್ಮ ಜಿಲ್ಲೆಯಲ್ಲೇ ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಹೊಲದ ಬದುವಿನ ಜಗಳದಿಂದ ಗಂಡ ಹೆಂಡತಿಯ ಮನಸ್ತಾಪದವರೆಗೆ ಎಲ್ಲವೂ ಅಲ್ಲಿಗೆ ಬರುತ್ತವೆ. ಅಂಥ ಕಡೆ ಎರಡೂ ಕಡೆಯವರ ಒಪ್ಪಿಗೆಯೇ ಬಲ, ಆದ್ದರಿಂದ ಮಾತಿಗೆ ಜಾಗ ಹೆಚ್ಚು. ಸರ್ಕಾರದ ಸಿವಿಲ್ ಕೋರ್ಟಿನ ಲೆಕ್ಕ ಬೇರೆ. ಅಲ್ಲಿ ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ ತೀರ್ಪು ಹೇಳಿ, ತಾರೀಖು ಹಾಕಿ, ಸಹಿ ಮಾಡಿದರೆಂದರೆ ಆ ಕಾಗದ ಅವರ ಕೈಯಿಂದಲೂ ಜಾರಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶದ 3ನೇ ನಿಯಮ ಇದನ್ನು ನೇರವಾಗಿ ಹೇಳುತ್ತದೆ: ಒಮ್ಮೆ ಸಹಿಯಾದ ತೀರ್ಪಿಗೆ ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ತೆಗೆಯುವಂತಿಲ್ಲ. ಅದಕ್ಕೆ ಹೊರತಾದ ದಾರಿಗಳು ಎರಡೇ. ಒಂದು 152ನೇ ಕಲಮು, ಇನ್ನೊಂದು ರಿವ್ಯೂ, ಅಂದರೆ ಮರುಪರಿಶೀಲನೆ.

ಈ ಎರಡರಲ್ಲಿ ಜನರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮೊದಲನೆಯದು. ಆದರೆ ಹೆಸರು ಕೇಳಿರುವುದು ಎರಡನೆಯದನ್ನು.

ಬೆರಳಚ್ಚಿನ ತಪ್ಪಿಗೆ ರಿವ್ಯೂ ಬೇಡ

ದಾವೆಯಲ್ಲಿ ಸರ್ವೆ ನಂಬರು 48ರ ಹಿಸ್ಸೆ 2 ಎಂದಿರುತ್ತದೆ, ಡಿಕ್ರಿಯಲ್ಲಿ 84ರ ಹಿಸ್ಸೆ 2 ಎಂದು ಬಂದಿರುತ್ತದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾರಿ ಎಂದಿರಬೇಕಾದದ್ದು ಅದಲು ಬದಲಾಗಿರುತ್ತದೆ. 3 ಎಕರೆ 20 ಗುಂಟೆ ಎನ್ನುವುದು 2 ಎಕರೆ 30 ಗುಂಟೆಯಾಗಿರುತ್ತದೆ. ಇಂಥ ಡಿಕ್ರಿ ಹಿಡಿದು ಅಮಲ್ಜಾರಿಗೆ ಹೋದರೆ ಅಮೀನರು ಹೊಲದ ಬದುವಿನಲ್ಲಿ ನಿಂತು ಇದು ಆ ಜಮೀನಲ್ಲ ಎಂದು ವಾಪಸ್ಸಾಗುತ್ತಾರೆ. ಪೋಡಿಗೆ ಹೋದರೆ ಸರ್ವೆ ಇಲಾಖೆಯವರು ಅರ್ಜಿ ಹಿಂದಿರುಗಿಸುತ್ತಾರೆ. ಇದು ನ್ಯಾಯಾಧೀಶರ ತೀರ್ಮಾನದ ತಪ್ಪಲ್ಲ, ಬರವಣಿಗೆಯ, ಕೂಡಿಕೆ ಕಳೆತದ, ಕೈತಪ್ಪಿನ ತಪ್ಪು. 152ನೇ ಕಲಮಿನ ಕೆಳಗೆ ಅದನ್ನು ಯಾವಾಗ ಬೇಕಾದರೂ ತಿದ್ದಿಸಬಹುದು. ಕಾನೂನಿನ ಮಾತೇ ಹಾಗಿದೆ, 'ಯಾವಾಗ ಬೇಕಾದರೂ'. ಪಕ್ಷಗಾರರು ಅರ್ಜಿ ಹಾಕಬಹುದು, ಕೋರ್ಟು ತಾನಾಗಿಯೂ ಮಾಡಬಹುದು. ತಿದ್ದಿಕೊಂಡು ಬರುವುದು ಕೋರ್ಟು ಹೇಳಲು ಹೊರಟಿದ್ದ ಮಾತೇ ಹೊರತು ಹೊಸ ಮಾತಲ್ಲ ಎನ್ನುವುದೊಂದೇ ಷರತ್ತು. ಅರ್ಧ ಪಾಲು ಕೊಟ್ಟಿದ್ದನ್ನು ಮುಕ್ಕಾಲು ಮಾಡಿಸಿಕೊಳ್ಳಲು ಈ ಬಾಗಿಲಿನಿಂದ ನುಗ್ಗಿದರೆ ಹೊರಗೆ ಕಳಿಸುತ್ತಾರೆ.

ಡಿಕ್ರಿ ಕೈಗೆ ಬಂದ ದಿನವೇ ಷೆಡ್ಯೂಲನ್ನು ಪಹಣಿಯ ಜೊತೆ ಹಿಡಿದು ಓದಿಕೊಳ್ಳುವವರು ಕಡಿಮೆ. ಗೆದ್ದವರಂತೂ ಓದುವುದೇ ಇಲ್ಲ.

ಕಂಡದ್ದಕ್ಕೆ ಅಪೀಲು, ಕಾಣದ್ದಕ್ಕೆ ರಿವ್ಯೂ

ಇನ್ನು ಮರುಪರಿಶೀಲನೆ. ಸಂಹಿತೆಯ 114ನೇ ಕಲಮು ಅಧಿಕಾರ ಕೊಡುತ್ತದೆ, 47ನೇ ಆದೇಶ ಅದಕ್ಕೆ ಬೇಲಿ ಹಾಕುತ್ತದೆ. ಅಪೀಲಿಗೆ ಅವಕಾಶವಿದ್ದೂ ಅಪೀಲು ಹಾಕದವರು, ಅಥವಾ ಅಪೀಲಿಗೇ ಅವಕಾಶವಿಲ್ಲದ ಆದೇಶದಿಂದ ನೊಂದವರು ಮಾತ್ರ ಅರ್ಜಿ ಹಾಕಬಹುದು. ಕಾರಣಗಳೂ ಮೂರೇ: ಆಗ ಎಷ್ಟು ಶ್ರಮಪಟ್ಟಿದ್ದರೂ ಕೈಗೆ ಸಿಗದಿದ್ದ ಹೊಸ, ಮಹತ್ವದ ಸಾಕ್ಷ್ಯ ಈಗ ಸಿಕ್ಕಿರುವುದು, ದಾಖಲೆಯ ಮೇಲ್ನೋಟಕ್ಕೇ ಕಾಣುವ ತಪ್ಪು, ಮತ್ತು 'ಇತರ ಸಾಕಷ್ಟು ಕಾರಣ'.

ಮೂರನೆಯದನ್ನು ಓದಿದ ಕೂಡಲೇ ಸೋತವರ ಮುಖ ಅರಳುತ್ತದೆ. ಸಾಕಷ್ಟು ಕಾರಣ ಯಾರ ಹತ್ತಿರ ಇಲ್ಲ? ಆದರೆ ಆ ಬಾಗಿಲನ್ನು ನೂರು ವರ್ಷದ ಹಿಂದೆಯೇ ಕಿರಿದು ಮಾಡಿಯಾಗಿದೆ. 1922ರಲ್ಲಿ ಛಜ್ಜುರಾಮ್ ವಿರುದ್ಧ ನೇಕಿ ಪ್ರಕರಣದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು, ಆ ಕಾರಣ ಮೊದಲ ಎರಡರ ಜಾತಿಗೆ ಸೇರಿದ್ದಾಗಿರಬೇಕು ಎಂದಿತು. ಅಂದರೆ ತೀರ್ಪು ಕಾನೂನಿನ ದೃಷ್ಟಿಯಲ್ಲಿ ತಪ್ಪು ಎಂಬುದಷ್ಟೇ ಸಾಕಷ್ಟು ಕಾರಣ ಆಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟು 1954ರಲ್ಲಿ ಕೇರಳದ ಮಲಂಕರ ಚರ್ಚಿನ ವ್ಯಾಜ್ಯದಲ್ಲಿ ಇದನ್ನೇ ಒಪ್ಪಿಕೊಂಡಿತು. 2005ರಲ್ಲಿ ಕ್ರಿಕೆಟ್ ಮಂಡಳಿ ಮತ್ತು ನೇತಾಜಿ ಕ್ರಿಕೆಟ್ ಕ್ಲಬ್ಬಿನ ಪ್ರಕರಣದಲ್ಲಿ, ಕೋರ್ಟು ವಾಸ್ತವಾಂಶವನ್ನು ತಪ್ಪಾಗಿ ತಿಳಿದುಕೊಂಡಿದ್ದರೆ ಅದೂ ಸಾಕಷ್ಟು ಕಾರಣವಾಗಬಹುದು ಎಂದು ಸ್ವಲ್ಪ ಸಡಿಲಿಸಿದ್ದುಂಟು. ಅದಕ್ಕಿಂತ ಹೆಚ್ಚು ಸಡಿಲವಾಗಿಲ್ಲ.

ಇಡೀ ವಿಷಯದ ಬೇರು ಇಲ್ಲಿದೆ. ಕೋರ್ಟು ಒಂದು ಕಾಗದವನ್ನು ನೋಡಿ, ತೂಗಿ, ನಿಮಗೆ ವಿರುದ್ಧವಾಗಿ ತೀರ್ಮಾನಿಸಿದ್ದರೆ ಆ ತೀರ್ಮಾನ ಎಷ್ಟೇ ತಪ್ಪಾಗಿದ್ದರೂ ದಾರಿ ಅಪೀಲು. ಕೋರ್ಟು ಆ ಕಾಗದವನ್ನು ನೋಡಲೇ ಇಲ್ಲ, ಕಡತದಲ್ಲಿದ್ದೂ ಕಣ್ತಪ್ಪಿತು, ಅಥವಾ ಕಡತಕ್ಕೆ ಬರಲು ಸಾಧ್ಯವೇ ಇರಲಿಲ್ಲ ಎಂದರೆ ಮಾತ್ರ ರಿವ್ಯೂ. ಹೊಸದುರ್ಗದ ಒಬ್ಬ ತೆಂಗು ಬೆಳೆಗಾರರು ದಾವೆಯಲ್ಲಿ ನೋಂದಾಯಿತ ಹಕ್ಕು ಖುಲಾಸೆ ಪತ್ರ ಹಾಜರುಪಡಿಸಿ ಗುರುತು ಹಾಕಿಸಿದ್ದರು ಎಂದುಕೊಳ್ಳಿ. ತೀರ್ಪಿನಲ್ಲಿ 'ಪ್ರತಿವಾದಿ ಯಾವ ಖುಲಾಸೆ ಪತ್ರವನ್ನೂ ಹಾಜರುಪಡಿಸಿಲ್ಲ' ಎಂದು ಬರೆದಿದೆ. ಕಡತ ತೆರೆದರೆ ಸಾಕು, ತಪ್ಪು ಎದ್ದು ಕಾಣುತ್ತದೆ. ಇದು ರಿವ್ಯೂಗೆ ತಕ್ಕ ಪ್ರಕರಣ. ಅದೇ ತೀರ್ಪಿನಲ್ಲಿ 'ಖುಲಾಸೆ ಪತ್ರ ಇದೆ, ಆದರೆ ಅದರ ಮೇಲಿನ ಸಹಿ ನಂಬಲರ್ಹವಲ್ಲ' ಎಂದಿದ್ದರೆ ರಿವ್ಯೂ ಅರ್ಜಿಗೆ ಖರ್ಚು ಮಾಡುವ ದುಡ್ಡು ಅಪೀಲಿಗೆ ಉಳಿಯಲಿ.

ಮೇಲ್ನೋಟಕ್ಕೆ ಕಾಣುವ ತಪ್ಪು ಎಂದರೆ ಎಷ್ಟು ಮೇಲ್ನೋಟ? ಅದಕ್ಕೆ ಎಲ್ಲರೂ ಉಲ್ಲೇಖಿಸುವ ಅಳತೆಗೋಲು ಕನ್ನಡದ ಹೆಸರುಗಳಿರುವ ಪ್ರಕರಣದಿಂದ ಬಂದಿದೆ ಎನ್ನುವುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಸತ್ಯನಾರಾಯಣ ಲಕ್ಷ್ಮೀನಾರಾಯಣ ಹೆಗಡೆ ವಿರುದ್ಧ ಮಲ್ಲಿಕಾರ್ಜುನ ಭಾವನಪ್ಪ ತಿರುಮಲೆ, 1960ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ತೀರ್ಪು. ಹಳೆಯ ಮುಂಬಯಿ ಗೇಣಿ ಕಾಯ್ದೆಯ ಕೆಳಗಿನ ಭೂಮಾಲೀಕ ಗೇಣಿದಾರರ ಜಗಳ ಅದು. ಉದ್ದಕ್ಕೆ ತರ್ಕ ಹೂಡಿ, ಎರಡು ಅಭಿಪ್ರಾಯಗಳಿಗೆ ಎಡೆಯಿರುವ ಕಡೆ ಒಂದನ್ನು ಎತ್ತಿಹಿಡಿದು ತೋರಿಸಬೇಕಾದ ತಪ್ಪು ಮೇಲ್ನೋಟದ ತಪ್ಪಲ್ಲ ಎಂದು ನ್ಯಾಯಪೀಠ ಹೇಳಿತು. ಅದು ರಿಟ್ ಅಧಿಕಾರದ ಬಗ್ಗೆ ಆಡಿದ ಮಾತು. ಆಮೇಲೆ ರಿವ್ಯೂ ಪ್ರಕರಣಗಳಲ್ಲೆಲ್ಲ ಅದೇ ಅಳತೆಯಾಯಿತು. ವಕೀಲರು ಗಂಟೆಗಟ್ಟಲೆ ವಾದಿಸಿ ತೋರಿಸಬೇಕಾದದ್ದು ಮೇಲ್ನೋಟದ್ದು ಹೇಗಾದೀತು ಎನ್ನುವುದು ಸರಳ ಬುದ್ಧಿಗೂ ಒಪ್ಪುವ ಮಾತೇ.

ಹಾಗೆಂದು ರಿವ್ಯೂ ಯಾರಿಗೂ ಸಿಗುವುದೇ ಇಲ್ಲ ಎಂದಲ್ಲ. ಶೇಂಗಾ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಹತ್ತಿರದ್ದೆನ್ನಿಸುವ ಪ್ರಕರಣವೊಂದಿದೆ. ಕರ್ನೂಲಿನ ತುಂಗಭದ್ರಾ ಇಂಡಸ್ಟ್ರೀಸ್ ಕಡಲೇಕಾಯಿ ಎಣ್ಣೆ ತಯಾರಿಸುವ ಕಂಪನಿ. ಮಾರಾಟ ತೆರಿಗೆಯ ಒಂದು ಪ್ರಶ್ನೆ ಒಂದು ವರ್ಷದ ಲೆಕ್ಕಕ್ಕೆ ಬಂದಾಗ, ಸುಪ್ರೀಂ ಕೋರ್ಟು ನೋಡಬೇಕಾದ ಗಂಭೀರ ಕಾನೂನು ಪ್ರಶ್ನೆ ಇದರಲ್ಲಿದೆ ಎಂದು ಆಂಧ್ರ ಹೈಕೋರ್ಟು ಪ್ರಮಾಣಪತ್ರ ಕೊಟ್ಟಿತ್ತು. ಅದೇ ಕಂಪನಿಯ, ಅದೇ ಪ್ರಶ್ನೆ, ಬೇರೆ ವರ್ಷದ ಲೆಕ್ಕಕ್ಕೆ ಬಂದಾಗ ಅಂಥ ಪ್ರಶ್ನೆಯೇ ಇಲ್ಲ ಎಂದುಬಿಟ್ಟಿತು. ಕಂಪನಿ ರಿವ್ಯೂ ಕೇಳಿತು, ಹೈಕೋರ್ಟು ನಿರಾಕರಿಸಿತು. 1963ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನದು ತಪ್ಪು, ಇದಕ್ಕಿಂತ ಎದ್ದು ಕಾಣುವ ದೋಷ ಬೇಕೇ ಎಂಬ ಧಾಟಿಯಲ್ಲಿ ರಿವ್ಯೂಗೆ ಎಡೆ ಮಾಡಿಕೊಟ್ಟಿತು. ರಿವ್ಯೂ ಎಂದರೆ ವೇಷ ಮರೆಸಿಕೊಂಡ ಅಪೀಲಲ್ಲ ಎಂದು ಇಂದಿಗೂ ಅರ್ಜಿಗಳನ್ನು ವಜಾ ಮಾಡುವಾಗ ಬರೆಯುವ ಸಾಲಿನ ಮೂಲವೂ ಇದೇ ತೀರ್ಪು. ಅರ್ಜಿ ಗೆದ್ದ ತೀರ್ಪಿನ ಸಾಲು ಅರ್ಜಿ ಸೋಲಿಸಲು ಬಳಕೆಯಾಗುತ್ತಿರುವುದು ತಮಾಷೆಯೇ ಸರಿ.

ಅಟ್ಟದ ಟ್ರಂಕಿನ ಕಾಗದ

ಹಳ್ಳಿಗಳಿಂದ ಬರುವ ರಿವ್ಯೂ ಆಸೆಗಳೆಲ್ಲ ಹೆಚ್ಚಾಗಿ ಹುಟ್ಟುವುದು ಒಂದು ಟ್ರಂಕಿನಿಂದ. ಕೇಸು ಸೋತ ಮೇಲೆ ಮನೆ ಹುಡುಕುತ್ತಾರೆ. ಅಟ್ಟದಲ್ಲಿ, ಅಜ್ಜನ ಕಾಲದ ಪೆಟ್ಟಿಗೆಯಲ್ಲಿ, ಗೆದ್ದಲು ಮೂಲೆ ತಿಂದ ಪಾಲುಪಟ್ಟಿಯೋ ಕ್ರಯಪತ್ರವೋ ಸಿಗುತ್ತದೆ. 'ಇದು ಆಗ ಸಿಕ್ಕಿದ್ದರೆ ಕೇಸು ನಮ್ಮದೇ' ಎಂದು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೊರಡುತ್ತಾರೆ.

ಆಗ ಕೋರ್ಟು ಕೇಳುವ ಪ್ರಶ್ನೆ ಕಾಗದ ಎಷ್ಟು ಬಲವಾದದ್ದು ಎಂದಲ್ಲ. ಅದು ಆಮೇಲಿನ ಮಾತು. ಮೊದಲ ಪ್ರಶ್ನೆ: ಇದು ಆಗಲೇ ಯಾಕೆ ಸಿಗಲಿಲ್ಲ? ನೋಂದಣಿಯಾದ ಕ್ರಯಪತ್ರವಾದರೆ ಉತ್ತರ ಹೇಳುವುದು ಕಷ್ಟ. ಮನೆಯ ಪ್ರತಿ ಕಳೆದುಹೋಗಿದ್ದರೂ ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಲ್ಲಿ ಅದರ ನಕಲಿತ್ತು. ಇ.ಸಿ. (ಋಣಭಾರ ಪತ್ರ) ತೆಗೆಸಿದ್ದರೆ ನಂಬರು ಸಿಗುತ್ತಿತ್ತು, ನಂಬರು ಕೊಟ್ಟಿದ್ದರೆ ದೃಢೀಕೃತ ನಕಲು ಸಿಗುತ್ತಿತ್ತು. ಹಳೆಯ ಮ್ಯುಟೇಷನ್, ಹಕ್ಕು ದಾಖಲೆ, ಇಂಡೆಕ್ಸ್ ಆಫ್ ಲ್ಯಾಂಡ್ ಇವೂ ಅಷ್ಟೇ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿದ್ದವು. ಅಲ್ಲಿಗೆ ಅರ್ಜಿಯನ್ನೇ ಹಾಕಿರಲಿಲ್ಲ ಎಂದ ಮೇಲೆ ಶ್ರಮಪಟ್ಟು ಹುಡುಕಿದೆವು ಎನ್ನುವ ಮಾತಿಗೆ ಕಾಲಿಲ್ಲ. ಮನೆಯಲ್ಲೇ ಇದ್ದ ಕಾಗದ ನಮ್ಮ ಕಣ್ಣಿಗೆ ಬೀಳಲಿಲ್ಲ ಎನ್ನುವುದೂ ಕೋರ್ಟಿನ ದೃಷ್ಟಿಯಲ್ಲಿ ಅಲಕ್ಷ್ಯವೇ. ಇದು ಬಡವರ ಮೇಲೆ ಕಠಿಣ ಎನ್ನುವುದು ನನ್ನ ಅಭಿಪ್ರಾಯ. ಓದು ಬಾರದ ವಿಧವೆಗೆ ಇಂಡೆಕ್ಸ್ ಆಫ್ ಲ್ಯಾಂಡ್ ಎಂದರೇನೆಂದು ಯಾರು ಹೇಳಿರುತ್ತಾರೆ? ಹೇಳಬೇಕಾದದ್ದು ಅವರ ವಕೀಲರು. ದಾವೆ ಶುರುವಾಗುವಾಗ ಮಾಡಬೇಕಿದ್ದ ಕೆಲಸದ ಹೊಣೆ ಕೊನೆಗೆ ಪಕ್ಷಗಾರರ ತಲೆಗೆ ಬೀಳುತ್ತದೆ.

ಗೆಲ್ಲುವ ಸಾಧ್ಯತೆ ಇರುವುದು ಬೇರೆ ಬಗೆಯ ಕಾಗದಕ್ಕೆ. ಸರ್ಕಾರಿ ಕಚೇರಿಗೆ ದಾವೆ ನಡೆಯುವಾಗಲೇ ಅರ್ಜಿ ಹಾಕಿ, ಕಡತ ಲಭ್ಯವಿಲ್ಲ ಎಂಬ ಹಿಂಬರಹ ಪಡೆದು, ತೀರ್ಪಾದ ಮೇಲೆ ಅದೇ ಕಡತ ಸಿಕ್ಕಿದ್ದರೆ, ಆ ಹಿಂಬರಹವೇ ಶ್ರಮಪಟ್ಟದ್ದಕ್ಕೆ ಸಾಕ್ಷಿ. ಎದುರು ಪಕ್ಷದವರ ವಶದಲ್ಲಿದ್ದು, ಇದೆಯೆಂಬುದೇ ಗೊತ್ತಿಲ್ಲದಿದ್ದ ಪತ್ರವೂ ಈ ಜಾತಿಗೆ ಸೇರೀತು. ಹಾಗಿದ್ದರೂ 47ನೇ ಆದೇಶದ 4ನೇ ನಿಯಮ ಕಟ್ಟುನಿಟ್ಟಿನ ರುಜುವಾತು ಕೇಳುತ್ತದೆ. 'ಈಗ ಸಿಕ್ಕಿತು' ಎಂಬ ಒಂದು ಸಾಲಿನ ಅಫಿಡವಿಟ್ಟು ಸಾಲದು. ಯಾವಾಗ, ಎಲ್ಲಿ, ಯಾರಿಂದ, ಮೊದಲು ಎಲ್ಲೆಲ್ಲಿ ಹುಡುಕಿದ್ದೆವು ಎಲ್ಲವನ್ನೂ ಹೇಳಬೇಕು, ಎದುರು ಪಕ್ಷಕ್ಕೆ ನೋಟಿಸು ಹೋಗಬೇಕು.

ಟ್ರಂಕಿನ ಕಾಗದಕ್ಕೆ ಅಪೀಲಿನಲ್ಲೂ ಒಂದು ದಾರಿಯಿದೆ. 41ನೇ ಆದೇಶದ 27ನೇ ನಿಯಮದಂತೆ ಮೇಲಿನ ಕೋರ್ಟಿನಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬಹುದು. ಅಲ್ಲೂ ಶ್ರಮದ ಪ್ರಶ್ನೆ ಬರುತ್ತದೆ, ಆದರೆ ಸರಿಯಾದ ತೀರ್ಪು ಬರೆಯಲು ಆ ಕಾಗದ ಬೇಕೆಂದು ಮೇಲಿನ ಕೋರ್ಟಿಗೇ ಅನ್ನಿಸಿದರೆ ತೆಗೆದುಕೊಳ್ಳುವ ಸ್ವಾತಂತ್ರ್ಯ ಅದಕ್ಕಿದೆ. ಅದರ ಜೊತೆಗೆ ಉಳಿದ ವಾದಗಳೂ ಅಲ್ಲಿ ಜೀವಂತ. ಎದುರಿನವರು ಮುಖ್ಯ ದಾಖಲೆಯನ್ನು ಬೇಕೆಂದೇ ಮುಚ್ಚಿಟ್ಟು ಡಿಕ್ರಿ ಪಡೆದಿದ್ದರೆ ಮಾತು ಬೇರೆಯೇ. ವಂಚನೆಯಿಂದ ಪಡೆದ ಡಿಕ್ರಿ ಡಿಕ್ರಿಯೇ ಅಲ್ಲ ಎಂದು ಸುಪ್ರೀಂ ಕೋರ್ಟು ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಹೇಳಿ ಮೂರು ದಶಕ ಆಯಿತು. ನೋಟಿಸೇ ಬಾರದೆ ಎಕ್ಸ್‌ಪಾರ್ಟೆ ಡಿಕ್ರಿಯಾಗಿದ್ದರೆ ಅದನ್ನು ರದ್ದು ಮಾಡಿಸಲು 9ನೇ ಆದೇಶದ 13ನೇ ನಿಯಮವಿದೆ. ಅದಕ್ಕೂ ರಿವ್ಯೂಗೂ ಸಂಬಂಧವಿಲ್ಲ.

ಹೊಸ ತೀರ್ಪು ಬಂದರೆ ಹಳೆಯದು ಮುರಿಯುತ್ತದೆಯೇ?

ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಕೇಳಿಬಂದ ಪ್ರಶ್ನೆ ಇದು, ಅದನ್ನು ಕೇಳುತ್ತಿರುವವರು ಹೆಣ್ಣುಮಕ್ಕಳು. ಹಿನ್ನೆಲೆ ಹೀಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲಿಯೇ ಕಾನೂನು ಮಾಡಿತ್ತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆದರೆ ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೆ? ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದಲ್ಲಿ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಎಂದಿತು. 2018ರ ಫೆಬ್ರವರಿಯಲ್ಲಿ, ಅದೂ ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ, 2001ರಲ್ಲೇ ತೀರಿಕೊಂಡಿದ್ದ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಕೆಳಗಿನ ಕೋರ್ಟುಗಳು ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಕಂಗಾಲಾದವು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ, ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದ ಎಂದು ಗಂಟು ಬಿಡಿಸಿತು.

ಈಗ ಯೋಚಿಸಿ. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟವೊಂದರ ದಾವೆಯಲ್ಲಿ 2017ರಲ್ಲಿ ಮಗಳೊಬ್ಬಳಿಗೆ ಫೂಲಾವತಿ ತೀರ್ಪಿನ ಆಧಾರದ ಮೇಲೆ ಪಾಲು ಕಡಿಮೆಯಾಯಿತು. 2020ರಲ್ಲಿ ಆ ತೀರ್ಪೇ ರದ್ದಾಯಿತು. ಆಕೆ ಅದೇ ಕೋರ್ಟಿಗೆ ಬಂದು ರಿವ್ಯೂ ಕೇಳಬಹುದೇ?

ಕೇಳುವಂತಿಲ್ಲ. 1976ರ ತಿದ್ದುಪಡಿಯಲ್ಲಿ 47ನೇ ಆದೇಶದ 1ನೇ ನಿಯಮಕ್ಕೆ ಒಂದು ವಿವರಣೆ ಸೇರಿತು. ಬೇರೊಂದು ಪ್ರಕರಣದಲ್ಲಿ ಮೇಲಿನ ಕೋರ್ಟು ಕಾನೂನಿನ ಅರ್ಥವನ್ನು ಆಮೇಲೆ ಬದಲಿಸಿತು ಎನ್ನುವುದು ರಿವ್ಯೂಗೆ ಕಾರಣವಲ್ಲ ಎಂದು ಅದು ಹೇಳುತ್ತದೆ. ಈ ವಿವರಣೆಗೆ ದೊಡ್ಡ ಪರೀಕ್ಷೆ ಒದಗಿದ್ದು ದೆಹಲಿಯ ಭೂಸ್ವಾಧೀನ ಪ್ರಕರಣಗಳಲ್ಲಿ. ಹಳೆಯ ತೀರ್ಪೊಂದು 2020ರಲ್ಲಿ ತಲೆಕೆಳಗಾದ ಮೇಲೆ, ಅದರ ಆಧಾರದ ಮೇಲೆ ಸೋತಿದ್ದ ಸರ್ಕಾರವೇ ರಿವ್ಯೂ ಕೇಳುತ್ತ ಸುಪ್ರೀಂ ಕೋರ್ಟಿಗೆ ಬಂತು. 2023ರ ಮಾರ್ಚಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಡಕು ಬಂತು. ಎಂ.ಆರ್. ಶಾ ರಿವ್ಯೂ ಆಗಬಹುದು ಎಂದರು, ನಮ್ಮ ರಾಜ್ಯದ ಬಿ.ವಿ. ನಾಗರತ್ನ ಆಗದು ಎಂದರು. 2024ರ ಮೇ 17ರಂದು ಮೂವರ ಪೀಠ ಕೆ.ಎಲ್. ರಾಠಿ ಪ್ರಕರಣದಲ್ಲಿ ನಾಗರತ್ನ ಅವರ ನಿಲುವನ್ನೇ ಎತ್ತಿಹಿಡಿಯಿತು. ಕಾನೂನು ಬದಲಾದಾಗಲೆಲ್ಲ ಮುಗಿದ ಕೇಸುಗಳು ಮತ್ತೆ ಎದ್ದು ಕೂತರೆ ಯಾವ ಮನೆಯ ಆಸ್ತಿಯೂ ಯಾರ ಹೆಸರಿಗೂ ನಿಲ್ಲದು. ಈ ವಿವರಣೆ ಕಠೋರ ಅನ್ನಿಸಿದರೂ ಸರಿ ಎಂದೇ ನನ್ನ ಎಣಿಕೆ.

ಹಾಗಾದರೆ ಆ ಮಗಳ ಕಥೆ ಮುಗಿಯಿತೇ? ಇಲ್ಲಿ ಪಾಲು ವಿಭಾಗದ ದಾವೆಯ ಒಂದು ಗುಣ ಆಕೆಗೆ ನೆರವಾಗಬಹುದು. ಇಂಥ ದಾವೆಯಲ್ಲಿ ಮೊದಲು ಯಾರಿಗೆ ಎಷ್ಟು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅಳೆದು ಕೊಡುವ ಅಂತಿಮ ಡಿಕ್ರಿ. ಕೋರ್ಟಿನ ಆವರಣದಲ್ಲಿ ಎಫ್.ಡಿ.ಪಿ. ಎಂದು ಕರೆಯುವುದು ಈ ಎರಡನೆಯ ಹಂತವನ್ನು. ಎಷ್ಟೋ ಕುಟುಂಬಗಳಲ್ಲಿ ಅದು ವರ್ಷಗಟ್ಟಲೆ ಎಳೆಯುತ್ತದೆ. ಅಂತಿಮ ಡಿಕ್ರಿ ಆಗುವವರೆಗೆ ದಾವೆ ಬಾಕಿ ಇದ್ದಂತೆಯೇ ಲೆಕ್ಕ, ನಡುವೆ ಕಾನೂನು ಬದಲಾದರೆ ಪಾಲುಗಳನ್ನು ಬದಲಿಸಿಕೊಳ್ಳಬಹುದು ಎಂದು 2011ರ ಗಂಡೂರಿ ಕೋಟೇಶ್ವರಮ್ಮ ತೀರ್ಪು ಹೇಳಿದೆ. ವಿನೀತಾ ಶರ್ಮಾ ತೀರ್ಪೂ ಅದನ್ನೇ ಒಪ್ಪಿದೆ. ಆದ್ದರಿಂದ ಆಕೆ ಹಾಕಬೇಕಾದದ್ದು ರಿವ್ಯೂ ಅರ್ಜಿಯಲ್ಲ. ಎಫ್.ಡಿ.ಪಿ. ಬಾಕಿ ಇದ್ದರೆ ಅದರಲ್ಲೇ ಪಾಲು ಮಾರ್ಪಾಡಿಗೆ ಕೇಳಬೇಕು. ಅಳತೆ ಮುಗಿದು ಅಂತಿಮ ಡಿಕ್ರಿಯೂ ಆಗಿಬಿಟ್ಟಿದ್ದರೆ, ಅಥವಾ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪಟ್ಟಿ ಆಗಿದ್ದರೆ, ಆ ಬಾಗಿಲೂ ಮುಚ್ಚಿದೆ. ಎಳೆದಾಡಿದ ಎಫ್.ಡಿ.ಪಿ. ಯಾರಿಗಾದರೂ ಉಪಕಾರ ಮಾಡಿದ್ದರೆ ಈ ಹೆಣ್ಣುಮಕ್ಕಳಿಗೆ ಮಾತ್ರ.

ಇದೇ ಬಗೆಯ ಇನ್ನೊಂದು ಗೊಂದಲ ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಬಿಟ್ಟವರದು. ಪಕ್ಕದ ಹೊಲದವರು ಕೋರ್ಟಿಗೆ ಹೋಗಿ ಹೆಚ್ಚು ಪರಿಹಾರ ತಂದರು, ನಾವು ಹೋಗಿರಲಿಲ್ಲ, ಈಗ ನಮ್ಮದನ್ನೂ ಮರುಪರಿಶೀಲಿಸಿ ಎಂದರೆ ರಿವ್ಯೂ ಸಿಗದು. ಆದರೆ ಭೂಸ್ವಾಧೀನ ಕಾನೂನೇ ಅವರಿಗಾಗಿ ಬೇರೆ ದಾರಿ ಇಟ್ಟಿದೆ. 1894ರ ಕಾಯ್ದೆಯಲ್ಲಿ 28ಎ, 2013ರ ಕಾಯ್ದೆಯಲ್ಲಿ 73ನೇ ಕಲಮು. ಒಂದೇ ಅಧಿಸೂಚನೆಯ ಜಮೀನಾಗಿರಬೇಕು, ಪರಿಹಾರದ ಪ್ರಶ್ನೆಯನ್ನು ಕೋರ್ಟಿಗೆ ಒಪ್ಪಿಸಿ ಎಂದು (ಉಲ್ಲೇಖಕ್ಕೆ) ತಾವು ಮೊದಲು ಅರ್ಜಿ ಹಾಕಿರಬಾರದು, ನೆರೆಯವರಿಗೆ ಹೆಚ್ಚಿನ ಪರಿಹಾರ ಸಿಕ್ಕ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಕೇಳಬೇಕು. ಮೂರು ತಿಂಗಳು ಎಂದರೆ ಊರಲ್ಲಿ ಸುದ್ದಿ ಹರಡುವಷ್ಟರಲ್ಲಿ ಮುಗಿಯುವ ಕಾಲ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋದವರಿಗೆ ಇದು ಅನ್ವಯಿಸುವುದಿಲ್ಲ, ಅವರದು ಮಧ್ಯಸ್ಥಗಾರರ ಮುಂದೆ ಹೋಗುವ ಬೇರೆ ಹಾದಿ.

ಅಧಿಕಾರ ಬರೆದಿದ್ದರೆ ಮಾತ್ರ

ತಹಸೀಲ್ದಾರರ, ಉಪವಿಭಾಗಾಧಿಕಾರಿಗಳ ಮಾತು ಮೊದಲೇ ಬಂತು. ಅಲ್ಲಿ ಜನ ಅಂದುಕೊಂಡಷ್ಟು ಸಲೀಸಾಗಿಲ್ಲ. ರಿವ್ಯೂ ಮಾಡುವ ಅಧಿಕಾರ ಯಾವ ಪ್ರಾಧಿಕಾರಕ್ಕೂ ಹುಟ್ಟಿನಿಂದ ಬರುವುದಿಲ್ಲ, ಕಾನೂನು ಬರೆದು ಕೊಟ್ಟಿರಬೇಕು ಎಂದು ಪಟೇಲ್ ನರ್ಶಿ ಠಾಕರ್ಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅಧಿಕಾರವಿಲ್ಲದೆ ಅಧಿಕಾರಿಯೊಬ್ಬರು ತಮ್ಮದೇ ಆದೇಶವನ್ನು ತಿರುಗಿಸಿ ಬರೆದರೆ ಆ ಎರಡನೆಯ ಆದೇಶವೇ ಮೇಲೆ ಹೋಗಿ ಬಿದ್ದುಹೋಗುತ್ತದೆ.

ಬರೆದು ಕೊಟ್ಟರೆ ಎಷ್ಟು ದೊಡ್ಡ ವಿಷಯವನ್ನೂ ಮರಳಿ ನೋಡಬಹುದು ಎನ್ನುವುದಕ್ಕೆ ವೇದಾವತಿಯ ದಂಡೆಯವರೇ ಸಾಕ್ಷಿ. ಮಾರಿಕಣಿವೆಗೆ ಹರಿದು ಬರುವ ಈ ಹೊಳೆ ಕೃಷ್ಣಾ ಕಣಿವೆಗೆ ಸೇರಿದ್ದು, ಅದರ ನೀರಿನ ಲೆಕ್ಕ ಬಚಾವತ್ ನ್ಯಾಯಾಧಿಕರಣದ ತೀರ್ಪಿನಲ್ಲಿದೆ. 1973ರ ಡಿಸೆಂಬರಿನಲ್ಲಿ ತೀರ್ಪು ಬಂತು, 1976ರ ಮೇ ತಿಂಗಳಲ್ಲಿ ಅದೇ ನ್ಯಾಯಾಧಿಕರಣ ಹೆಚ್ಚುವರಿ ವರದಿ ಕೊಟ್ಟಿತು. ಅಂತರರಾಜ್ಯ ಜಲವಿವಾದ ಕಾಯ್ದೆಯ 5(3)ನೇ ಕಲಮು, ತೀರ್ಪಿನಲ್ಲಿ ವಿವರಣೆ ಬೇಕಾದದ್ದನ್ನು, ಮೊದಲು ಕೇಳದೆ ಬಿಟ್ಟದ್ದನ್ನು ಅದೇ ಪೀಠಕ್ಕೆ ಮತ್ತೆ ಒಪ್ಪಿಸಲು ಅವಕಾಶ ಕೊಡುತ್ತದೆ. 2010ರಲ್ಲಿ ತೀರ್ಪು ಕೊಟ್ಟ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣವೂ 2013ರಲ್ಲಿ ಹೀಗೆಯೇ ಎರಡನೆಯ ವರದಿ ಕೊಟ್ಟಿತು.

ಮೂವತ್ತು ದಿನ

ಇನ್ನು ನಡೆವಳಿಕೆಯ ಮಾತು. ತೀರ್ಪಿನ ದಿನದಿಂದ ರಿವ್ಯೂಗೆ 30 ದಿನ, ನಕಲು ಪಡೆಯಲು ಹಿಡಿದ ದಿನಗಳನ್ನು ಬಿಟ್ಟು. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು. ಕೇಳಬೇಕಾದವರು ತೀರ್ಪು ಕೊಟ್ಟ ನ್ಯಾಯಾಧೀಶರೇ, ಅವರು ಅದೇ ಕೋರ್ಟಿನಲ್ಲಿದ್ದರೆ. ವರ್ಗವಾಗಿ ಹೋಗಿದ್ದರೆ ಅವರ ಜಾಗಕ್ಕೆ ಬಂದವರು. ಹಿಂದೆ ಹೊಸಬರು ನೋಡಬಹುದಾದ ಕಾರಣಗಳಿಗೆ ಮಿತಿಯಿತ್ತು, 1956ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಅರ್ಜಿ ವಜಾ ಆದರೆ ಆ ವಜಾದ ಮೇಲೆ ಅಪೀಲಿಲ್ಲ, ಎರಡನೆಯ ರಿವ್ಯೂ ಅಂತೂ ಇಲ್ಲವೇ ಇಲ್ಲ. ಮಂಜೂರಾದರೆ ಎದುರು ಪಕ್ಷದವರಿಗೆ ಅಪೀಲುಂಟು.

ಅಪಾಯ ಇರುವುದು ಇಲ್ಲಿ. ರಿವ್ಯೂ ಅರ್ಜಿ ಬಾಕಿ ಇದೆಯೆಂದು ಅಪೀಲಿನ ಗಡಿಯಾರ ನಿಲ್ಲುವುದಿಲ್ಲ. ಜಿಲ್ಲೆಯೊಳಗಿನ ಅಪೀಲಿಗೆ 30 ದಿನ, ಬೆಂಗಳೂರಿನ ಹೈಕೋರ್ಟಿಗೆ 90 ದಿನ. ವರ್ಷದ ಮೇಲೆ ರಿವ್ಯೂ ವಜಾ ಆಗಿ, ಆಮೇಲೆ ಅಪೀಲಿಗೆ ಹೋದರೆ ತಡ ಮನ್ನಾ ಮಾಡುವುದು ಬಿಡುವುದು ಮೇಲಿನ ಕೋರ್ಟಿನ ವಿವೇಚನೆ. ರಿವ್ಯೂ ಹಾಕಿದ ಮಾತ್ರಕ್ಕೆ ಅಮಲ್ಜಾರಿಗೂ ತಡೆ ಬರದು. ಅರ್ಜಿ ನಡೆಯುತ್ತಿರುವಾಗಲೇ ಹೊಲ ಕೈಬಿಟ್ಟು ಹೋಗಬಹುದು.

ಮೇಲಿನ ಕೋರ್ಟುಗಳಲ್ಲಿ ನಿಯಮ ಸ್ವಲ್ಪ ಅಗಲ. ಸುಪ್ರೀಂ ಕೋರ್ಟಿಗೆ ಸಂವಿಧಾನದ 137ನೇ ವಿಧಿಯೇ ಅಧಿಕಾರ ಕೊಟ್ಟಿದೆ. ಕರ್ನಾಟಕದ ಸ್ಟೈಪೆಂಡರಿ ಪದವೀಧರರ ವೇತನದ ಪ್ರಕರಣದಲ್ಲಿ, 1993ರ ಎಸ್. ನಾಗರಾಜ್ ತೀರ್ಪಿನಲ್ಲಿ, ಅದು ತನ್ನ ಹಿಂದಿನ ಆದೇಶಗಳನ್ನೇ ಹಿಂಪಡೆದು, ನ್ಯಾಯ ತಾಂತ್ರಿಕತೆಗಿಂತ ಮೇಲು ಎಂದಿತು. ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಅರ್ಜಿ ಕಾರಣ ಹೇಳದೆ ವಜಾ ಆಗಿದ್ದರೂ ಹೈಕೋರ್ಟಿನಲ್ಲಿ ರಿವ್ಯೂ ಕೇಳಬಹುದು ಎನ್ನುವುದೂ ನಮ್ಮ ರಾಜ್ಯದ್ದೇ ಪ್ರಕರಣದಿಂದ, 2019ರ ಖೋಡೆ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ವ್ಯಾಜ್ಯದಿಂದ, ಖಚಿತವಾಯಿತು.

ಕೊನೆಗೆ ವಕೀಲರ ವಿಷಯ. ಸೋತ ಮರುದಿನ ನಮ್ಮವರು ಮೊದಲು ಮಾಡುವ ಕೆಲಸ ವಕೀಲರನ್ನು ಬದಲಿಸುವುದು. ಅಪೀಲಿಗಾದರೆ ಅದು ಅವರವರ ಇಷ್ಟ. ರಿವ್ಯೂಗೆ ಹೊಸ ವಕೀಲರನ್ನು ಹಿಡಿದು ತರುವ ಚಾಳಿಯನ್ನು ಸುಪ್ರೀಂ ಕೋರ್ಟು 1997ರಲ್ಲಿ ತಮಿಳುನಾಡು ವಿದ್ಯುತ್ ಮಂಡಳಿಯ ಪ್ರಕರಣವೊಂದರಲ್ಲಿ ಕಟುವಾಗಿ ಟೀಕಿಸಿದೆ. ಕಡತದಲ್ಲಿ ಏನಿತ್ತು, ವಾದದಲ್ಲಿ ಯಾವುದನ್ನು ಎತ್ತಿದ್ದೆವು, ಕೋರ್ಟಿನ ಕಣ್ಣಿಗೆ ಯಾವುದು ಬೀಳಲಿಲ್ಲ ಎಂದು ಹೇಳಬಲ್ಲವರು ವಾದಿಸಿದವರೇ ತಾನೆ? ಬದಲಿಸಲೇಬೇಕಾದರೆ ಹಳೆಯ ವಕೀಲರಿಂದ ಕಟ್ಟು ಪೂರ್ತಿ ಪಡೆದು, ಗುರುತಾದ ದಾಖಲೆಗಳ ಪಟ್ಟಿ ಮತ್ತು ಸಾಕ್ಷಿಗಳ ಹೇಳಿಕೆಯ ನಕಲುಗಳೊಂದಿಗೆ ಹೋಗಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಆ ಅರ್ಜಿಯನ್ನೂ 30 ದಿನದೊಳಗೇ ಕೊಡಬೇಕಾಗುತ್ತದೆ, ಯಾಕೆಂದರೆ ವಕೀಲರ ನೇಮಕಕ್ಕೆ ಹಿಡಿಯುವ ದಿನಗಳನ್ನು ಕಾಲಮಿತಿಯಿಂದ ಯಾರೂ ತಾವಾಗಿ ಕಳೆಯುವುದಿಲ್ಲ.